ಪಿಯಾನೋ ಮುಂದೆ ಕೂತವಳು: ಎಲಾ ಶೆಪ್ಪರ್ಡ್ ಬಗ್ಗೆ ಮಾತಾಡೋಣ ಬನ್ನಿ

ಕೀಬೋರ್ಡ್ ಅಕ್ಕ, ಮಂಗಳೂರು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. 22 ವರ್ಷದಿಂದ ನಮ್ಮ ಚರ್ಚ್ ಸಭೆಯಲ್ಲಿ ಭಾನುವಾರದ ಆರಾಧನೆಗೆ ಕೀಬೋರ್ಡ್ ನುಡಿಸುತ್ತಿದ್ದೇನೆ. ನನಗಿಂತ ಮುಂಚೆ ಅದೇ ಮೂಲೆಯಲ್ಲಿ ಕೂತು ನಮ್ಮಮ್ಮ ಹಾರ್ಮೋನಿಯಂ ನುಡಿಸುತ್ತಿದ್ದರು. ಕ್ವಾಯರ್ ಹಾಡುವಾಗ ಜನರ ಕಣ್ಣು ಹಾಡುವವರ ಮೇಲೆ ಇರುತ್ತದೆ. ನುಡಿಸುವವರು ಪಕ್ಕದಲ್ಲಿ ಇರುತ್ತಾರೆ, ಸಭೆಗೆ ಅರ್ಧ ಬೆನ್ನು ಹಾಕಿ. ಶ್ರುತಿ ಕೊಡುವುದು ಅವರು, ವಾರವಿಡೀ ಮಕ್ಕಳನ್ನು ಕೂರಿಸಿಕೊಂಡು ಕಲಿಸುವುದು ಅವರು, ಒಬ್ಬರು ತಪ್ಪಿದರೆ ಬೆರಳಲ್ಲೇ ಹಿಡಿದು ದಾರಿಗೆ ತರುವುದೂ ಅವರೇ.

ಇಂಥ ಒಬ್ಬ ಹೆಣ್ಣುಮಗಳ ಬಗ್ಗೆ ಇಲ್ಲಿ ಬರೆಯಬೇಕು ಅಂತ ತುಂಬಾ ದಿನದಿಂದ ಅನ್ನಿಸುತ್ತಿತ್ತು. ಹೆಸರು ಎಲಾ ಶೆಪ್ಪರ್ಡ್. ಹುಟ್ಟಿದ್ದು 1851ರಲ್ಲಿ, ಅಮೆರಿಕದ ಟೆನ್ನೆಸ್ಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ. ಹುಟ್ಟುವಾಗಲೇ ಗುಲಾಮಳು. ಫಿಸ್ಕ್ ಜೂಬಿಲಿ ಸಿಂಗರ್ಸ್ ಅನ್ನುವ ತಂಡದ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಕಪ್ಪು ಜನರ ಭಕ್ತಿಗೀತೆಗಳನ್ನು ಮೊದಲ ಸಲ ಜಗತ್ತಿನ ಮುಂದೆ ಇಟ್ಟವರು ಅವರು. ಆ ತಂಡದ ಪಿಯಾನೋ ಮುಂದೆ ಕೂತವಳು ಎಲಾ. ಹಾಡಿದ್ದಷ್ಟೇ ಅಲ್ಲ, ತಾಲೀಮು ಮಾಡಿಸಿದವಳು, ಹಾಡುಗಳನ್ನು ಬರೆದಿಟ್ಟವಳು, ಹುಷಾರು ತಪ್ಪಿದವರ ಪಕ್ಕ ಕೂತು ರಾತ್ರಿ ಕಳೆದವಳು. ಆಮೇಲೆ ಮಿಷನರಿ, ಪಾಸ್ಟರ್ ಹೆಂಡತಿ, ಮಕ್ಕಳ ತಾಯಿ.

ಅವಳ ಅಮ್ಮನ ಕಥೆಯಿಂದಲೇ ಶುರು ಮಾಡುತ್ತೇನೆ. ಅದನ್ನು ಬಿಟ್ಟರೆ ಎಲಾ ಅರ್ಥವಾಗುವುದಿಲ್ಲ.

ಅಮ್ಮನ ಹೆಸರು ಸಾರಾ ಹ್ಯಾನ. ಎಲಾಗೆ ಇನ್ನೂ ಮೂರು ವರ್ಷವೂ ಸರಿಯಾಗಿ ತುಂಬಿರಲಿಲ್ಲ. ಮನೆಯ ಒಡತಿ ಆ ಮಗುವಿನ ಹತ್ತಿರ ಸಿಹಿಯಾಗಿ ಮಾತಾಡಿ, ಅಮ್ಮ ಏನು ಮಾಡುತ್ತಾಳೆ, ಏನು ಮಾತಾಡುತ್ತಾಳೆ ಅಂತ ಬಂದು ಹೇಳುವುದನ್ನು ಅಭ್ಯಾಸ ಮಾಡಿಸಿದ್ದಳು. ಒಂದು ದಿನ ಸಾರಾಗೆ ಅದು ಗೊತ್ತಾಯಿತು. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಕೂಸೇ ತನ್ನ ಮೇಲೆ ಚಾಡಿ ಹೇಳುವ ಹಾಗೆ ಮಾಡಿಬಿಟ್ಟರಲ್ಲ ಅಂತ ಎದೆ ಒಡೆದುಹೋಯಿತು. ಮಗುವನ್ನು ಎತ್ತಿಕೊಂಡು ನದಿಯ ಕಡೆ ಹೊರಟಳು. ಇಬ್ಬರೂ ಮುಳುಗಿ ಸಾಯೋಣ ಅಂತ. ದಾರಿಯಲ್ಲಿ ಒಬ್ಬ ಮುದುಕಿ ತಡೆದಳು. ಅವಳೂ ಗುಲಾಮಳೇ. ಬೇಡ ಮಗಳೇ, ತಡಿ, ದೇವರ ರಥ ಕೆಳಗೆ ಇಳಿದು ಬರಲಿ, ಈ ಮಗುವಿಗೆ ಅವನು ಇಟ್ಟ ಕೆಲಸ ಬೇರೆ ಇದೆ, ಇದು ರಾಜ ರಾಣಿಯರ ಮುಂದೆ ನಿಲ್ಲುತ್ತದೆ ಅಂದಳಂತೆ. ಸಾರಾ ಮಗುವನ್ನು ಎತ್ತಿಕೊಂಡು ತಿರುಗಿ ಗುಲಾಮಗಿರಿಗೇ ನಡೆದಳು.

ಆ ತಿರುಗಿ ನಡೆದದ್ದು ನನ್ನನ್ನು ಬಿಡುವುದೇ ಇಲ್ಲ. ಸಾಯುವುದಕ್ಕಿಂತ ಅದು ಕಷ್ಟದ ನಡಿಗೆ ಅಲ್ವಾ?

ನಿಮಗೆ ಗೊತ್ತಿರುವುದನ್ನೂ ಬರೆಯಿರಿ. ಉಳಿದದ್ದನ್ನು ನಾನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತೇನೆ.

ಎರಡು ಮಕ್ಕಳ ತಾಯಿ, ಹಾಸನ

ಅಕ್ಕಾ, ಅಡುಗೆ ಮನೆಯಲ್ಲಿ ನಿಂತುಕೊಂಡೇ ಓದಿದೆ. ಗಂಟಲು ಕಟ್ಟಿತು. ನನ್ನ ಚಿಕ್ಕವಳಿಗೂ ಈಗ ಮೂರು ವರ್ಷ. ಮುಂದೆ ಏನಾಯಿತು? ಅಮ್ಮ ಮಗಳು ಒಟ್ಟಿಗೆ ಇದ್ದರಾ?

ಕೀಬೋರ್ಡ್ ಅಕ್ಕ, ಮಂಗಳೂರು

ಇಲ್ಲಮ್ಮ. ಬಿಡಿಸಿಬಿಟ್ಟರು.

ಎಲಾಳ ಅಪ್ಪ ಸೈಮನ್. ಅವನೂ ಗುಲಾಮನೇ. ಆದರೆ ಹೊರಗೆ ದುಡಿಯಲು ಅನುಮತಿ ಇತ್ತು. ನ್ಯಾಶ್‌ವಿಲ್‌ನಲ್ಲಿ ಕುದುರೆ ಗಾಡಿ ಬಾಡಿಗೆ ವ್ಯವಹಾರ ಮಾಡಿ, ಕಾಸಿಗೆ ಕಾಸು ಕೂಡಿಸಿ, 1,800 ಡಾಲರ್ ಕೊಟ್ಟು ತನ್ನನ್ನು ತಾನೇ ಕೊಂಡುಕೊಂಡ. ಹೆಂಡತಿಯನ್ನೂ ಬಿಡಿಸಿಕೊಳ್ಳುತ್ತೇನೆ ಅಂತ ಕೇಳಿದಾಗ ಒಡತಿ ಮೊದಲು ಒಪ್ಪಿ ಆಮೇಲೆ ಮಾತು ತಪ್ಪಿದಳು. ಕೊನೆಗೆ ಮಗುವನ್ನು ಮಾತ್ರ ಕೊಟ್ಟಳು, 350 ಡಾಲರ್‌ಗೆ. ಸಾರಾಳನ್ನು ಒಡೆಯರ ಕುಟುಂಬ ಮಿಸಿಸಿಪ್ಪಿಗೆ ಕರೆದುಕೊಂಡು ಹೋಯಿತು.

ಆಗಿನ ಕಾನೂನು ಹೇಗಿತ್ತು ಅಂದರೆ, ತಾಯಿ ಗುಲಾಮಳಾಗಿದ್ದರೆ ಮಗುವೂ ಗುಲಾಮ. ಅಪ್ಪ ಸ್ವತಂತ್ರನಾಗಿದ್ದರೂ ಅಷ್ಟೇ. ಹಾಗಾಗಿ ಸೈಮನ್ ದುಡ್ಡು ಕೊಟ್ಟು ಬಿಡಿಸಿಕೊಂಡ ಮಗಳು ಕಾಗದದಲ್ಲಿ ಅವನದೇ ಆಸ್ತಿ! ಮುಂದೆ ಅವನು ಕಾರ್ನೀಲಿಯ ಅನ್ನುವವಳನ್ನು 1,300 ಡಾಲರ್ ಕೊಟ್ಟು ಬಿಡಿಸಿ ಮದುವೆಯಾದ. ಅವಳದ್ದೂ ಅದೇ ಕಥೆ. ವ್ಯವಹಾರ ಮುಳುಗಿ ಸಾಲ ಬೆಳೆದಾಗ ಅವನಿಗೆ ಹೆದರಿಕೆ ಹುಟ್ಟಿತು. ಸಾಲಗಾರರು ಗಾಡಿ, ಕುದುರೆ ಜೊತೆಗೆ ಹೆಂಡತಿ ಮಗಳನ್ನೂ ಜಪ್ತಿ ಮಾಡಿ ಮಾರಬಹುದಿತ್ತು. ಎಲ್ಲ ಬಿಟ್ಟು ಕುಟುಂಬ ಸಿನ್ಸಿನಾಟಿಗೆ ಓಡಿಹೋಯಿತು. ಅದು ಒಹಾಯೋ ರಾಜ್ಯ, ಅಲ್ಲಿ ಗುಲಾಮಗಿರಿ ಇರಲಿಲ್ಲ.

ಅಲ್ಲಿ ಅಪ್ಪ ಮತ್ತೆ ದುಡಿದು ಮಗಳಿಗೆ ಒಂದು ಪಿಯಾನೋ ತಂದುಕೊಟ್ಟ. ನೋಡಿ, ಇಷ್ಟೆಲ್ಲ ಕಳೆದುಕೊಂಡವನು ಮೊದಲು ಕೊಂಡ ದೊಡ್ಡ ವಸ್ತುಗಳಲ್ಲಿ ಒಂದು ಪಿಯಾನೋ. 1866ರಲ್ಲಿ ಕಾಲರಾ ಬಂದು ಅವನು ತೀರಿಹೋದ. ಎಲಾಗೆ 15. ಸಾಲಕ್ಕೆ ಪಿಯಾನೋ ಕೂಡ ಹೋಯಿತು.

ನಿವೃತ್ತ ಸಂಗೀತ ಮೇಷ್ಟ್ರು, ಮೈಸೂರು

ತಾಯಿ, ಒಳ್ಳೆಯ ವಿಷಯ ಎತ್ತಿದ್ದೀರಿ. ನಾನು ಕರ್ನಾಟಕ ಸಂಗೀತ ಕಲಿಸಿದವನು, ಚರ್ಚಿನ ಸಂಗೀತ ನನ್ನದಲ್ಲ. ಆದರೂ ಒಂದು ಕೇಳಬೇಕು. ಪಿಯಾನೋ ಹೋದಮೇಲೆ ಆ ಹುಡುಗಿ ಹೇಗೆ ಮುಂದೆ ಕಲಿತಳು? ವಾದ್ಯವಿಲ್ಲದೆ ಬೆರಳು ಉಳಿಯುವುದಿಲ್ಲ. ನನ್ನ ಶಿಷ್ಯರಲ್ಲಿ ಎಷ್ಟೋ ಜನ ಮನೆಯಲ್ಲಿ ವೀಣೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಬಿಟ್ಟಿದ್ದಾರೆ.

ಕೀಬೋರ್ಡ್ ಅಕ್ಕ, ಮಂಗಳೂರು

ಮೇಷ್ಟ್ರೇ, ನೀವು ಕೇಳಿದ್ದಕ್ಕೆ ಉತ್ತರ ನನಗೆ ಬಾಯಿಪಾಠ. ಎಷ್ಟು ಸಲ ಓದಿದ್ದೇನೋ.

ಜೇಮ್ಸ್ ಪ್ರೆಸ್ಲಿ ಬಾಲ್ ಅಂತ ಸಿನ್ಸಿನಾಟಿಯಲ್ಲಿ ಒಬ್ಬ ಕಪ್ಪು ಫೋಟೋಗ್ರಾಫರ್ ಇದ್ದರು. ಆ ಕಾಲಕ್ಕೆ ಹೆಸರುವಾಸಿ. ಅವರು ಎಲಾಳ ಪಾಠದ ಖರ್ಚು ಹೊತ್ತರು. ಕಲಿಸಿದವರು ಮದಾಂ ಕರೋಲಿನ್ ರೀವೆ, ಊರಿನ ದೊಡ್ಡ ಸಂಗೀತ ಶಿಕ್ಷಕಿ, ಬಿಳಿಯರು. ಅವರ ಶಿಷ್ಯರಲ್ಲಿ ಕಪ್ಪು ಹುಡುಗಿ ಇವಳೊಬ್ಬಳೇ. ಆದರೆ ಶರತ್ತು ಇತ್ತು. ಯಾರಿಗೂ ಹೇಳಬಾರದು. ಮುಂಬಾಗಿಲಿನಿಂದ ಬರಬಾರದು. ಹಿಂದಿನ ಮೆಟ್ಟಿಲು ಹತ್ತಿ ಮಹಡಿಯ ಹಿಂದಿನ ಕೋಣೆಗೆ ಬರಬೇಕು. ಸಮಯ ರಾತ್ರಿ ಒಂಬತ್ತರಿಂದ ಮುಕ್ಕಾಲು ಗಂಟೆ.

ರಾತ್ರಿ ಒಂಬತ್ತು ಗಂಟೆ, ಕತ್ತಲೆ ಮೆಟ್ಟಿಲು, ಒಬ್ಬಳೇ ಹುಡುಗಿ. ಪಾಠ ಮುಗಿಸಿ ಮತ್ತೆ ಅದೇ ಮೆಟ್ಟಿಲು ಇಳಿದು ಕತ್ತಲೆಯಲ್ಲೇ ಮನೆಗೆ. ಹೀಗೆ ಸಿಕ್ಕಿದ್ದು ಒಟ್ಟು ಹನ್ನೆರಡೇ ಪಾಠ. ಅಷ್ಟರಲ್ಲಿ ಸಹಾಯ ನಿಂತಿತು. ಆ ಹನ್ನೆರಡು ಪಾಠದ ಮೇಲೆ ಅವಳು ಜೀವಮಾನವಿಡೀ ನುಡಿಸಿದಳು, ಕಲಿಸಿದಳು.

ನಿವೃತ್ತ ಸಂಗೀತ ಮೇಷ್ಟ್ರು, ಮೈಸೂರು

ಹನ್ನೆರಡು ಪಾಠ! ನಮ್ಮಲ್ಲಿ ಅಷ್ಟರಲ್ಲಿ ಸರಳೆ ವರಸೆ ಮುಗಿಯುವುದಿಲ್ಲ. ಆ ಮಗುವಿನ ಹಸಿವು ಎಂಥದ್ದಿರಬೇಕು.

ಸಭೆಯ ಹುಡುಗ, ಹುಬ್ಬಳ್ಳಿ

ಅಕ್ಕ, ಶರಣು. ನಮ್ಮ ಕ್ವಾಯರ್‌ನಲ್ಲಿ ಟೆನರ್ ಹಾಡುತ್ತೇನೆ. 'ಸ್ವಿಂಗ್ ಲೋ ಸ್ವೀಟ್ ಚಾರಿಯಟ್' ಹಾಡನ್ನು ಬರೆದದ್ದೇ ಎಲಾಳ ಅಮ್ಮ ಅಂತ ಒಂದು ವಿಡಿಯೋದಲ್ಲಿ ಕೇಳಿದ್ದೆ. ಆ ಮುದುಕಿ ಹೇಳಿದ ರಥದ ಮಾತಿನಿಂದಲೇ ಹಾಡು ಹುಟ್ಟಿದ್ದಂತೆ. ನಿಜವಾ?

ಕೀಬೋರ್ಡ್ ಅಕ್ಕ, ಮಂಗಳೂರು

ತಮ್ಮಾ, ಆ ಮಾತು ಬಹಳ ಕಡೆ ಓಡಾಡುತ್ತದೆ. ಯಾಕೆ ಅಂತ ಅರ್ಥವಾಗುತ್ತದೆ, ಕಥೆ ಅಷ್ಟು ಚೆನ್ನಾಗಿ ಕೂಡಿಕೊಳ್ಳುತ್ತದೆ. ಆದರೆ ಸಾಮಾನ್ಯವಾಗಿ ಆ ಹಾಡನ್ನು ಕಟ್ಟಿದವನು ಅಂತ ಹೇಳುವುದು ವಾಲಿಸ್ ವಿಲ್ಲಿಸ್ ಎಂಬವನನ್ನು. ಈಗಿನ ಒಕ್ಲಹೋಮದಲ್ಲಿ, ಚೊಕ್ಟಾ ಬುಡಕಟ್ಟಿನವರ ನೆಲದಲ್ಲಿ ಗುಲಾಮನಾಗಿದ್ದವನು. ಅಲ್ಲಿನ ಶಾಲೆಯಲ್ಲಿದ್ದ ಅಲೆಕ್ಸಾಂಡರ್ ರೀಡ್ ಅನ್ನುವ ಪಾದ್ರಿ ಅವನು ಹಾಡುವುದನ್ನು ಕೇಳಿ ನೆನಪಿಟ್ಟುಕೊಂಡು, ಆಮೇಲೆ ಜೂಬಿಲಿ ತಂಡಕ್ಕೆ ಕೊಟ್ಟರು. ಬೈಬಲಿನ ಪ್ರವಾದಿ ಎಲೀಯ ಬೆಂಕಿಯ ರಥದಲ್ಲಿ ಸ್ವರ್ಗಕ್ಕೆ ಏರಿಹೋದ ಕಥೆ ಎಲ್ಲ ಗುಲಾಮರ ಬಾಯಲ್ಲೂ ಇತ್ತು. ಆ ಹಾಡಲ್ಲಿ ಬರುವ ಬೈಬಲಿನ ಯೊರ್ದನ್ ಹೊಳೆ ಅಂದರೆ ಅವರಿಗೆ ಸ್ವರ್ಗದ ದಾರಿಯೂ ಹೌದು, ಉತ್ತರದ ಸ್ವತಂತ್ರ ರಾಜ್ಯಗಳ ದಾರಿಯೂ ಹೌದು. ಆ ಮುದುಕಿಯ ಬಾಯಲ್ಲಿ ಬಂದದ್ದೂ ಅದೇ ರಥ.

ಸಾರಾಳ ದೊಡ್ಡತನಕ್ಕೆ ಹಾಡು ಬರೆದಿರಲೇಬೇಕು ಅಂತೇನಿಲ್ಲ ನನ್ನ ಪ್ರಕಾರ.

ನ್ಯಾಶ್‌ವಿಲ್ ಕನ್ನಡಿಗ

ಈ ಹೆಸರು ಕನ್ನಡದಲ್ಲಿ ನೋಡಿ ಮೈ ಜುಮ್ಮೆಂದಿತು. ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ. ಮೂಲ ದಾವಣಗೆರೆ. ಫಿಸ್ಕ್ ವಿಶ್ವವಿದ್ಯಾಲಯ ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದಾರಿ. ಜೂಬಿಲಿ ಹಾಲ್ ಒಳಗೆ ಹೋಗಿದ್ದೇನೆ. ಗೋಡೆಯ ತುಂಬಾ ಒಂದೇ ಚಿತ್ರ ಇದೆ. ಎಡ್ಮಂಡ್ ಹ್ಯಾವೆಲ್ ಅನ್ನುವ ಇಂಗ್ಲಿಷ್ ಕಲಾವಿದ ಬರೆದದ್ದು, ತಂಡದವರು ಆಳೆತ್ತರದಲ್ಲಿ ನಿಂತಿದ್ದಾರೆ, ಕೂತಿದ್ದಾರೆ. ಎಲಾ ಪಿಯಾನೋ ಹತ್ತಿರವೇ. ನಾನು ಹೋದ ದಿನ ಯಾರೂ ಇರಲಿಲ್ಲ. ಎಲ್ಲರ ಕಣ್ಣೂ ನಮ್ಮ ಕಡೆಗೇ ಇದೆ ಅನ್ನಿಸಿ ಕೈ ಕಟ್ಟಿಕೊಂಡು ನಿಂತುಬಿಟ್ಟೆ.

ಕಾಲೇಜು ಹೇಗೆ ಶುರುವಾಯಿತು ಅನ್ನುವುದನ್ನೂ ಯಾರಾದರೂ ಬರೆಯಿರಿ. ಈಗಿನ ಕಟ್ಟಡ ನೋಡಿದವರಿಗೆ ಅದು ಊಹೆಗೂ ಬರುವುದಿಲ್ಲ.

ಕೀಬೋರ್ಡ್ ಅಕ್ಕ, ಮಂಗಳೂರು

ನೀವು ಆ ಚಿತ್ರದ ಮುಂದೆ ನಿಂತು ಬಂದವರು ಅಂತ ಓದಿ ಬಹಳ ಸಂತೋಷ ಆಯಿತು ಸರ್. ಕಾಲೇಜಿನ ಕಥೆ ನಾನೇ ಬರೆಯುತ್ತೇನೆ.

ಫಿಸ್ಕ್ ಶುರುವಾಗಿದ್ದು 1866ರಲ್ಲಿ, ಗುಲಾಮಗಿರಿ ವಿಷಯಕ್ಕೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ನಡೆದ ಯುದ್ಧ ಮುಗಿದ ಮರುವರ್ಷ. ಕಟ್ಟಡ ಅಂದರೆ ಸೈನಿಕರ ಆಸ್ಪತ್ರೆಗೆ ಕಟ್ಟಿದ್ದ ಹಳೇ ಮರದ ಷೆಡ್ಡುಗಳು. ಎಲಾ ಅಲ್ಲಿಗೆ ಬಂದದ್ದು 1868ರಲ್ಲಿ. ಅದಕ್ಕೆ ಮುಂಚೆ ಗ್ಯಾಲಟಿನ್ ಅನ್ನುವ ಊರಲ್ಲಿ ಐದು ತಿಂಗಳು ಮೇಡಂ ಆಗಿ ಕೆಲಸ ಮಾಡಿದ್ದಳು. ಅಷ್ಟು ತಿಂಗಳಲ್ಲಿ ಉಳಿಸಿದ್ದು ಆರು ಡಾಲರ್. ಇದು ಮೂರು ವಾರಕ್ಕೆ ಸಾಕಾಗುತ್ತದೆ ಅಷ್ಟೇ ಅಂದರು ಕಾಲೇಜಿನವರು. ಪರವಾಗಿಲ್ಲ, ಸೇರಿಸಿಕೊಳ್ಳಿ ಅಂದಳು. ಊಟದ ಮೇಜಿಗೆ ಬಡಿಸಿದಳು, ಪಾತ್ರೆ ತೊಳೆದಳು, ಊರಿನ ಮಕ್ಕಳಿಗೆ ಸಂಗೀತ ಪಾಠ ಹೇಳಿ ಫೀಸು ಕಟ್ಟಿದಳು. ಅವಳ ಪೆಟ್ಟಿಗೆ ಎಷ್ಟು ಚಿಕ್ಕದಿತ್ತು ಅಂದರೆ ಹುಡುಗರು ಅದನ್ನು ತಿಂಡಿ ಡಬ್ಬಿ ಅಂತ ಕರೆಯುತ್ತಿದ್ದರು.

ರಾತ್ರಿ ಗಾಳಿ ಬೀಸಿದರೆ ಆ ಹಲಗೆ ಗೋಡೆಗಳು ಊಳಿಡುತ್ತಿದ್ದವು. ಅಲ್ಲಿ ಸತ್ತ ಸೈನಿಕರ ಆತ್ಮಗಳೇ ಅಳುತ್ತಿವೆ ಅಂತ ಮಕ್ಕಳು ಹಾಸಿಗೆಯಲ್ಲಿ ನಡುಗುತ್ತಿದ್ದರಂತೆ. ಇದನ್ನು ಎಲಾನೇ ಮುಂದೆ, 1911ರಲ್ಲಿ, ಕಾಲೇಜಿನ ಪತ್ರಿಕೆಗೆ ಬರೆದ ಲೇಖನದಲ್ಲಿ ಹೇಳಿದ್ದಾಳೆ. ಇನ್ನೊಂದು ವಿಷಯ ಕೇಳಿ. ಗುಲಾಮರನ್ನು ಮಾರುತ್ತಿದ್ದ ದೊಡ್ಡಿಯಲ್ಲಿ ಸಿಕ್ಕ ತುಕ್ಕು ಹಿಡಿದ ಕೈಕೋಳ, ಕಾಲಸಂಕಲೆಗಳನ್ನು ಗುಜರಿಗೆ ಹಾಕಿ, ಆ ದುಡ್ಡಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಯುವ ಪುಸ್ತಕ ತಂದರು.

ಜಾರ್ಜ್ ವೈಟ್ ಅಂತ ಬಿಳಿಯ ಮಾಸ್ತರರು ಖಜಾಂಚಿ, ಜೊತೆಗೆ ಸಂಗೀತ ಕಲಿಸುವವರು. ಅವರು ಎಲಾಳನ್ನು ಸಂಗೀತದ ಸಹಾಯಕ ಶಿಕ್ಷಕಿ ಮಾಡಿಕೊಂಡರು. ಫಿಸ್ಕ್‌ನಲ್ಲಿ ಪಾಠ ಹೇಳಿದ ಮೊದಲ ಕಪ್ಪು ಶಿಕ್ಷಕಿ ಅವಳೇ.

ಗದಗದ ಓದುಗ

ಮೇಡಂ, ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಮಿಷನರಿ ಅಂದರೆ ನಮ್ಮ ತಲೆಯಲ್ಲಿ ಬರುವುದು ಹಡಗು ಹತ್ತಿ ದೂರದ ದೇಶಕ್ಕೆ ಬಂದು ಧರ್ಮ ಹೇಳುವ ಬಿಳಿಯರು. ನೀವು ಈಕೆಯನ್ನು ಮಿಷನರಿ ಅಂತೀರಿ. ಈಕೆ ತನ್ನದೇ ಊರಿನವಳು, ತನ್ನದೇ ಜನರ ನಡುವೆ ಇದ್ದವಳು. ಅದು ಹೇಗೆ ಮಿಷನರಿ ಆಯಿತು?

ಕೀಬೋರ್ಡ್ ಅಕ್ಕ, ಮಂಗಳೂರು

ತಪ್ಪೇನಿಲ್ಲ ಸರ್, ಕೇಳಲೇಬೇಕಾದ ಪ್ರಶ್ನೆ. ನಮ್ಮ ಊರಿಗೆ ಬಾಸೆಲ್ ಮಿಷನ್‌ನವರು 1834ರಲ್ಲಿ ಬಂದದ್ದು ನೀವು ಹೇಳಿದ ಹಾಗೇ, ಹಡಗಿನಲ್ಲಿ. ಇಲ್ಲಿ ಕಥೆ ಬೇರೆ.

ಫಿಸ್ಕ್ ಕಾಲೇಜನ್ನು ನಡೆಸುತ್ತಿದ್ದದ್ದು ಅಮೆರಿಕನ್ ಮಿಷನರಿ ಅಸೋಸಿಯೇಷನ್. 1846ರಲ್ಲಿ ಹುಟ್ಟಿದ ಸಂಸ್ಥೆ. ಗುಲಾಮಗಿರಿ ಪಾಪ ಅಂತ ನೇರವಾಗಿ ಹೇಳಿದ ಕ್ರೈಸ್ತರು ಸೇರಿ ಕಟ್ಟಿದ್ದು. ಯುದ್ಧ ಆದಮೇಲೆ ಬಿಡುಗಡೆಯಾದ ಜನರಿಗೆ ದಕ್ಷಿಣದ ಉದ್ದಕ್ಕೂ ಶಾಲೆ ತೆರೆದರು. ಅವರ ಮಿಷನ್ ಅಂದರೆ ಅಕ್ಷರ, ಮನೆ, ಸಭೆ, ಆರೋಗ್ಯ ಎಲ್ಲ. ಎಲಾ ಅವರ ಜೊತೆ ಸೇರಿ ಮಾಡಿದ್ದು ಅದನ್ನೇ. ದೇವರ ಬಗ್ಗೆ ಹೇಳಲು ಅವಳು ಸಮುದ್ರ ದಾಟಬೇಕಾಗಿರಲಿಲ್ಲ. ಗುಲಾಮಗಿರಿ ಮುರಿದುಹಾಕಿದ್ದ ಮನೆಗಳು ಪಕ್ಕದ ಬೀದಿಯಲ್ಲೇ ಇದ್ದವು.

ಗದಗದ ಓದುಗ

ಈಗ ಗೊತ್ತಾಯಿತು. ಧನ್ಯವಾದ ಮೇಡಂ. ಹಾಡಿನ ಪ್ರವಾಸದ ಬಗ್ಗೆ ಬರೆಯಿರಿ.

ಕೀಬೋರ್ಡ್ ಅಕ್ಕ, ಮಂಗಳೂರು

ಬರೆಯುತ್ತೇನೆ. ಆದರೆ ಅದಕ್ಕೆ ಮುಂಚಿನ ಒಂದು ಸಣ್ಣ ದೃಶ್ಯ ಹೇಳದೆ ಮುಂದೆ ಹೋಗಲಾರೆ.

ಈ ಮಕ್ಕಳಿಗೆ ಗುಲಾಮಗಿರಿಯ ಹಾಡುಗಳನ್ನು ಹೊರಗಿನವರ ಮುಂದೆ ಹಾಡಲು ಮನಸ್ಸಿರಲಿಲ್ಲ. ಅವು ಮರೆಯಬೇಕಾದ ಕಾಲದ ಹಾಡುಗಳು. ಅಪ್ಪ ಅಮ್ಮಂದಿರು ಗುಟ್ಟಾಗಿ ಸೇರಿ, ಅತ್ತು, ಕೂಗಿ ಹಾಡಿದ್ದ ಪ್ರಾರ್ಥನೆಗಳು. ಕಾಲೇಜಿಗೆ ಬಂದು, ಬಿಳಿಯರು ಹಾಡುವ ಹಾಡು ಕಲಿತು, ಈಗ ಅದನ್ನು ಟಿಕೆಟ್ ಇಟ್ಟು ತೋರಿಸುವುದೇ? ಸಂಕಟ ಆಗಿತ್ತು. ಆದರೂ ವೈಟ್ ಅವರಿಗೆ ಕೇಳಿಸಬೇಕು ಅಂದಾಗ ಕೋಣೆ ಸೇರಿದರು. ಕಿಟಕಿ ಬಾಗಿಲು ಮುಚ್ಚಿದರು. ಕುರ್ಚಿಗಳು ಹೆಚ್ಚಿಗೆ ಇರಲಿಲ್ಲ, ನೆಲದ ಮೇಲೇ ಕೂತರು. ಮೆಲ್ಲಗೆ, ಪಿಸುಮಾತಿನ ಹಾಗೆ, ಒಬ್ಬರಿಗೆ ಗೊತ್ತಿದ್ದದ್ದನ್ನು ಇನ್ನೊಬ್ಬರು ಕಲಿತರು. ಎಲಾ ಮತ್ತು ವೈಟ್ ಅವನ್ನು ಸ್ವರಕ್ಕೆ ಇಳಿಸಿ ಕಾಗದದ ಮೇಲೆ ಹಿಡಿದರು.

ಇದನ್ನು ಓದಿದಾಗಲೆಲ್ಲ ನಮ್ಮಜ್ಜಿ ನೆನಪಾಗುತ್ತಾರೆ. ಅವರ ಹತ್ತಿರ ಎಷ್ಟೋ ಹಾಡಿದ್ದವು. ಯಾರಾದರೂ ಮನೆಗೆ ಬಂದ ತಕ್ಷಣ ನಿಲ್ಲಿಸುತ್ತಿದ್ದರು. ಅಯ್ಯೋ, ಇದೆಲ್ಲ ಹಳೇದು ಅಂತ.

ನಿವೃತ್ತ ಸಂಗೀತ ಮೇಷ್ಟ್ರು, ಮೈಸೂರು

ನೀವು ಬರೆದದ್ದು ಓದಿ ಆ ಹಾಡುಗಳಲ್ಲಿ ನಾಲ್ಕೈದು ಹುಡುಕಿ ಕೇಳಿದೆ. ಹುಬ್ಬಳ್ಳಿ ಹುಡುಗ ಹೇಳಿದ ರಥದ ಹಾಡು ನಮ್ಮ ಕಿವಿಗೆ ಪರಕೀಯವೇ ಅಲ್ಲ. ಮಧ್ಯಮ ಇಲ್ಲ, ನಿಷಾದ ಇಲ್ಲ. ಸ ರಿ ಗ ಪ ದ. ನಮ್ಮ ಮೋಹನ ರಾಗದ ಸ್ವರಗಳು! ಗಮಕ, ಸಂಚಾರ ಬೇರೆ, ರಾಗ ಅಂತ ಕರೆಯಲಾಗದು. ಆದರೆ ಮೆಟ್ಟಿಲು ಅದೇ.

ಕೀಬೋರ್ಡ್ ಅಕ್ಕ, ಮಂಗಳೂರು

ಮೇಷ್ಟ್ರೇ, ನಿಮ್ಮ ಕಿವಿಗೆ ನಮಸ್ಕಾರ! 1872ರಲ್ಲಿ ಆ ಹಾಡುಗಳನ್ನು ಮೊದಲು ಅಚ್ಚು ಹಾಕಿಸಿದ ಥಿಯೊಡೋರ್ ಸ್ಯೂವರ್ಡ್ ಕೂಡ ಇದನ್ನೇ ಗಮನಿಸಿದ್ದರು. ಅರ್ಧಕ್ಕಿಂತ ಹೆಚ್ಚು ಹಾಡುಗಳಲ್ಲಿ ನಾಲ್ಕನೆಯ, ಏಳನೆಯ ಸ್ವರ ಇಲ್ಲ ಅಂತ. ಅಚ್ಚಿನಲ್ಲಿ ಸಿಗದ್ದು ಆ ಜಾರು, ಆ ಎಳೆತ. ಅದು ಬಾಯಿಂದ ಬಾಯಿಗೇ ಬರಬೇಕು. ಎಲಾ ತಾಲೀಮಿನಲ್ಲಿ ಕೊಟ್ಟದ್ದು ಅದನ್ನೇ.

ಸರಿ, ಪ್ರವಾಸ. 1871ರ ಹೊತ್ತಿಗೆ ಕಾಲೇಜು ಮುಚ್ಚುವ ಸ್ಥಿತಿ. ಊಟಕ್ಕೆ ಹಾಕುತ್ತಿದ್ದ ಮಾಂಸ ಅಗಿಯಲೂ ಆಗದಷ್ಟು ಗಡುಸು. ವೈಟ್ ಬೊಕ್ಕಸದಲ್ಲಿ ಉಳಿದಿದ್ದ ಕೊನೆಯ ಹಣ ಕೈಗೆ ತೆಗೆದುಕೊಂಡು, ಒಂಬತ್ತು ಜನ ಹಾಡುಗಾರರನ್ನು ಕರೆದುಕೊಂಡು ಹಾಡಿ ಹಣ ಕೂಡಿಸೋಣ ಅಂತ ಅಕ್ಟೋಬರ್ 6ಕ್ಕೆ ರೈಲು ಹತ್ತಿದರು. ಎಲ್ಲರಿಗಿಂತ ಚಿಕ್ಕವಳು ಮಿನ್ನಿ ಟೇಟ್, ಹದಿನಾಲ್ಕು ವರ್ಷ. ಎಲಾಗೆ ಇಪ್ಪತ್ತು. ಆ ಹುಡುಗಿಯರಿಗೆ ದಾರಿಯುದ್ದಕ್ಕೂ ಅವಳು ದೊಡ್ಡಕ್ಕ.

ಹೋಟೆಲಿನವರು ಕಪ್ಪು ಜನ ಅಂತ ಒಳಗೆ ಬಿಡುತ್ತಿರಲಿಲ್ಲ. ಚಳಿಯಲ್ಲಿ ರೈಲು ನಿಲ್ದಾಣದಲ್ಲಿ ಕಾಯಬೇಕಾಗುತ್ತಿತ್ತು. ಇಂಥ ಸ್ಥಿತಿಯಲ್ಲೂ ಒಂದು ಕೆಲಸ ಮಾಡಿದರು ನೋಡಿ. ಅದೇ ವಾರ ಶಿಕಾಗೋ ಊರು ಬೆಂಕಿಗೆ ಸುಟ್ಟುಹೋಗಿತ್ತು. ತಮ್ಮ ಹಾಡಿನ ಕಛೇರಿಯಲ್ಲಿ ಬಂದ ಹಣ ಐವತ್ತು ಡಾಲರ್ ಕೂಡ ಇರಲಿಲ್ಲ. ಅದನ್ನು ಪೂರ್ತಿ ಮನೆ ಕಳೆದುಕೊಂಡವರಿಗೆ ಕೊಟ್ಟುಬಿಟ್ಟರು.

ಕೊಲಂಬಸ್ ಊರಿನಲ್ಲಿ ವೈಟ್ ತಂಡಕ್ಕೆ ಜೂಬಿಲಿ ಅಂತ ಹೆಸರಿಟ್ಟರು. ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯ ಓದಿದವರಿಗೆ ಗೊತ್ತು, ಐವತ್ತನೇ ವರ್ಷ ಜೂಬಿಲಿ, ದಾಸರಾಗಿದ್ದವರಿಗೆ ಬಿಡುಗಡೆ. ಆಮೇಲೆ ಓಬರ್ಲಿನ್‌ನಲ್ಲಿ ಪಾದ್ರಿಗಳ ಸಭೆ. ಜನ ತಮ್ಮ ತಮ್ಮಲ್ಲಿ ಮಾತಾಡುತ್ತಿದ್ದಾಗ ಇವರು 'ಸ್ಟೀಲ್ ಅವೇ' ಅನ್ನುವ ಹಾಡು ಎತ್ತಿಕೊಂಡರು, ಉಸಿರಿನಷ್ಟು ಮೆಲ್ಲಗೆ. ಗಲಾಟೆ ತಾನಾಗಿ ನಿಂತಿತು. ಅಲ್ಲಿಂದ ತಂಡದ ದಾರಿಯೇ ಬದಲಾಯಿತು.

ಸಭೆಯ ಹುಡುಗ, ಹುಬ್ಬಳ್ಳಿ

ಮೆಲ್ಲಗೆ ಹಾಡಿ ಗಲಾಟೆ ನಿಲ್ಲಿಸಿದ್ದು! ನಾವು ಮೈಕ್ ಜಾಸ್ತಿ ಮಾಡುತ್ತೇವೆ. ಈ ವಾರ ತಾಲೀಮಿನಲ್ಲಿ ಇದನ್ನು ಎಲ್ಲರಿಗೂ ಓದಿ ಹೇಳುತ್ತೇನೆ ಅಕ್ಕ. ಇಂಗ್ಲೆಂಡ್ ರಾಣಿಯ ಮುಂದೆ ಹಾಡಿದ್ದು ನಿಜ ಅಲ್ವಾ?

ಕೀಬೋರ್ಡ್ ಅಕ್ಕ, ಮಂಗಳೂರು

ನಿಜ ತಮ್ಮಾ. 1873ರಲ್ಲಿ, ಲಂಡನ್ನಿನಲ್ಲಿ ಆರ್ಗೈಲ್ ಡ್ಯೂಕ್ ಮನೆಯಲ್ಲಿ, ವಿಕ್ಟೋರಿಯಾ ರಾಣಿಯ ಮುಂದೆ. ಮುಂದೆ ಜರ್ಮನಿಯ ಅರಮನೆಯಲ್ಲೂ. ನದಿಯ ದಾರಿಯಲ್ಲಿ ಆ ಮುದುಕಿ ಹೇಳಿದ್ದು ಹೀಗೆ ನಡೆಯಿತು.

ಏಳು ವರ್ಷದಲ್ಲಿ ತಂಡ ಕಾಲೇಜಿಗೆ ತಂದ ಹಣ ಒಂದೂವರೆ ಲಕ್ಷ ಡಾಲರ್. ಜೂಬಿಲಿ ಹಾಲ್ 1876ರ ಜನವರಿ 1ಕ್ಕೆ ಪ್ರತಿಷ್ಠೆ ಆಯಿತು. ಸುಮ್ನೆ ಆಗಲಿಲ್ಲ. ಹಾಡುಗಾರರ ದೇಹ ಸವೆದುಹೋಯಿತು. ಎಲಾಗೆ ಮೊದಲಿಂದಲೂ ಆರೋಗ್ಯ ಅಷ್ಟಕ್ಕಷ್ಟೇ, ಪ್ರವಾಸದಲ್ಲಿ ಎಷ್ಟೋ ಸಲ ಹಾಸಿಗೆ ಹಿಡಿದಳು. ಎದ್ದು ಕೂತ ದಿನ ಮತ್ತೆ ಪಿಯಾನೋ. 1878ರಲ್ಲಿ ಹ್ಯಾಂಬರ್ಗ್‌ನಲ್ಲಿ ಎಲ್ಲರೂ ದಣಿದು ತಂಡ ಬಿಡಿಸಿದರು. ಪೋಸ್ಟರಿನಲ್ಲಿ ನಿರ್ದೇಶಕ ಅಂತ ವೈಟ್ ಹೆಸರು. ಅವರು ದೊಡ್ಡ ಮನುಷ್ಯರೇ, ತಮ್ಮ ಆರೋಗ್ಯ, ಆಸ್ತಿ ಎರಡನ್ನೂ ಇದಕ್ಕೆ ಸುರಿದವರು. ಆದರೆ ದಿನದಿನದ ತಾಲೀಮು ನಡೆಸಿದ ಕೈ ಎಲಾಳದ್ದು. ಹಾಗಾಗಿ ಅವಳ ಹೆಸರೂ ಅಷ್ಟೇ ದಪ್ಪ ಅಕ್ಷರದಲ್ಲಿ ಇರಬೇಕಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ನ್ಯಾಶ್‌ವಿಲ್ ಕನ್ನಡಿಗ

ಒಂದು ಸೇರಿಸುತ್ತೇನೆ. ಆ ತಂಡದ ಫ್ರೆಡೆರಿಕ್ ಲೌಡಿನ್ ಆಮೇಲೆ ಬೇರೆ ತಂಡ ಕಟ್ಟಿ 1884ರಿಂದ 1890ರವರೆಗೆ ಜಗತ್ತು ಸುತ್ತಿದರು. ಆಸ್ಟ್ರೇಲಿಯಾ, ಜಪಾನ್, ನಮ್ಮ ಭಾರತಕ್ಕೂ ಬಂದಿದ್ದರು. ತಾಜ್ ಮಹಲಿನೊಳಗೆ ನಿಂತು ಹಾಡಿದ್ದರಂತೆ. ಎಲಾ ಆ ಪ್ರವಾಸದಲ್ಲಿ ಇರಲಿಲ್ಲ. ಆದರೆ ಆ ಕೋಣೆಯ ನೆಲದ ಮೇಲೆ ಕೂತು ಕಲಿತ ಹಾಡುಗಳು ನಮ್ಮ ದೇಶದ ಗುಮ್ಮಟದಲ್ಲಿ ಮೊಳಗಿದವು ಅಂತ ನೆನೆಸಿಕೊಂಡರೆ ಮನಸ್ಸು ತುಂಬುತ್ತದೆ.

ಎರಡು ಮಕ್ಕಳ ತಾಯಿ, ಹಾಸನ

ಎಲ್ಲ ಓದುತ್ತಿದ್ದೇನೆ. ಆದರೆ ಅಕ್ಕಾ, ನನ್ನ ಪ್ರಶ್ನೆ ಹಾಗೇ ಉಳಿದಿದೆ. ಅಮ್ಮ ಸಿಕ್ಕಿದರಾ?

ಕೀಬೋರ್ಡ್ ಅಕ್ಕ, ಮಂಗಳೂರು

ಸಿಕ್ಕಿದರು ಕಣಮ್ಮ. ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದೆ.

ಯುದ್ಧ ಮುಗಿದಮೇಲೆ ಮಿಸಿಸಿಪ್ಪಿಯಲ್ಲಿ ಸಾರಾ ಹ್ಯಾನಳ ಸುಳಿವು ಸಿಕ್ಕಿತು. ಎಲಾ ಅಮ್ಮನನ್ನೂ, ಅಮ್ಮನ ಇನ್ನೊಬ್ಬ ಮಗಳನ್ನೂ ನ್ಯಾಶ್‌ವಿಲ್‌ಗೆ ಕರೆತಂದಳು. ಹಾಡಿ ದುಡಿದ ಹಣದಲ್ಲಿ ಅವರಿಗೆ ನೆಲೆ ಮಾಡಿಕೊಟ್ಟಳು. ಆ ಕಾಲದಲ್ಲಿ ಸಾವಿರಾರು ಜನ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ನನ್ನ ತಾಯಿಯನ್ನು ಯಾರಾದರೂ ಕಂಡಿರಾ, ಇಂಥ ಒಡೆಯನ ಹತ್ತಿರ ಇದ್ದಳು, ಇಂಥ ಊರಿಗೆ ಮಾರಿದರು ಅಂತ ಹುಡುಕುತ್ತಿದ್ದರು. ಬಹಳ ಜನಕ್ಕೆ ಸಿಗಲೇ ಇಲ್ಲ. ಎಲಾಗೆ ಸಿಕ್ಕಿದರು.

ಮೂರು ವರ್ಷದ ಕೂಸಾಗಿ ಬಿಟ್ಟ ಮಗಳು ಬೆಳೆದು ಎದುರು ನಿಂತಾಗ ಆ ತಾಯಿ ಮೊದಲು ಎಲ್ಲಿ ಮುಟ್ಟಿರಬಹುದು? ಮುಖವನ್ನೋ, ಕೈಯನ್ನೋ? ನಾನಂತೂ ಕೈ ಅಂದುಕೊಳ್ಳುತ್ತೇನೆ.

ಎರಡು ಮಕ್ಕಳ ತಾಯಿ, ಹಾಸನ

ಸಾಕು ಅಕ್ಕಾ. ಈಗ ನಿದ್ದೆ ಬರುತ್ತದೆ. ಆಮೇಲೆ ಅವಳ ಸಂಸಾರ, ಮಕ್ಕಳು?

ಕೀಬೋರ್ಡ್ ಅಕ್ಕ, ಮಂಗಳೂರು

1882ರ ಡಿಸೆಂಬರಿನಲ್ಲಿ ಜಾರ್ಜ್ ಮೂರ್ ಅನ್ನುವ ಪಾಸ್ಟರ್ ಜೊತೆ ಮದುವೆ. ಅವರೂ ಫಿಸ್ಕ್‌ನಲ್ಲಿ ಓದಿದವರು. ವಾಷಿಂಗ್ಟನ್ನಿನ ಲಿಂಕನ್ ಮೆಮೋರಿಯಲ್ ಅನ್ನುವ ಚರ್ಚಿಗೆ ಪಾಸ್ಟರ್ ಆಗಿ ಹೋದರು. ಸುತ್ತಮುತ್ತ ಹೆಂಡದಂಗಡಿ, ಬಡತನ, ಜಗಳ. ಗಂಡ ಹೆಂಡತಿ ಸೇರಿ ಅಂಗಡಿಗಳನ್ನು ಮುಚ್ಚಿಸಲು ಹೋರಾಡಿದರು. ಎಲಾ ಹೆಂಗಸರನ್ನು, ಮಕ್ಕಳನ್ನು ಸೇರಿಸಿ ಹಾಡು ಕಲಿಸಿದಳು.

1892ರಲ್ಲಿ ನ್ಯಾಶ್‌ವಿಲ್‌ಗೆ ವಾಪಸ್. ಗಂಡನಿಗೆ ದಕ್ಷಿಣದ ಸಭೆಗಳ ಮೇಲ್ವಿಚಾರಣೆ, ತಿಂಗಳಾನುಗಟ್ಟಲೆ ಓಡಾಟ. ಕಾಲೇಜಿನ ಪಕ್ಕದಲ್ಲೇ ಮನೆ ಮಾಡಿಕೊಂಡರು. ಮಕ್ಕಳನ್ನು ಬೆಳೆಸುತ್ತಾ ಅದೇ ಮನೆಯಿಂದ ಹೊಸ ಹೊಸ ಜೂಬಿಲಿ ತಂಡಗಳನ್ನು ತಯಾರು ಮಾಡಿದಳು. ಟೆನ್ನೆಸ್ಸೀ ಮಹಿಳಾ ಮಿಷನರಿ ಒಕ್ಕೂಟದ ಅಧ್ಯಕ್ಷೆಯಾದಳು. ಊರೂರಿಗೆ ಹೋಗಿ ಕಪ್ಪು ಹೆಂಗಸರ ಬದುಕಿನ ಬಗ್ಗೆ ಮಾತಾಡಿದಳು. ಗುಲಾಮಗಿರಿ ನಮ್ಮ ತಾಯಂದಿರಿಂದ ತಾಯ್ತನವನ್ನೇ ಕಿತ್ತುಕೊಂಡಿತ್ತು ಅನ್ನುವುದು ಅವಳಿಗೆ ಪುಸ್ತಕದ ಮಾತಾಗಿರಲಿಲ್ಲ.

1914ರ ಜೂನ್ 9ಕ್ಕೆ ತೀರಿಕೊಂಡಳು, 63 ವರ್ಷ. ಅದಕ್ಕೆ ಐದು ವರ್ಷ ಮುಂಚೆ, 1909ರಲ್ಲಿ, ಫಿಸ್ಕ್‌ನ ನಾಲ್ವರು ಹಾಡುಗಾರರು ಆ ರಥದ ಹಾಡನ್ನು ಗ್ರಾಮಫೋನ್ ತಟ್ಟೆಗೆ ಹಾಡಿದ್ದರು. ಜಾನ್ ವರ್ಕ್ ಅವರ ತಂಡ. ಅದು ಇವತ್ತಿಗೂ ಕೇಳಲು ಸಿಗುತ್ತದೆ. ಎಲಾಳ ತಾಲೀಮು ಹಾಕಿಕೊಟ್ಟ ದಾರಿ ಅಲ್ಲಿ ಕೇಳಿಸುತ್ತದೆ. ಮೇಷ್ಟ್ರೇ, ದಯವಿಟ್ಟು ಕೇಳಿ.

ನ್ಯಾಶ್‌ವಿಲ್ ಕನ್ನಡಿಗ

ಪ್ರತಿ ವರ್ಷ ಅಕ್ಟೋಬರ್ 6ಕ್ಕೆ ಇಲ್ಲಿ ಜೂಬಿಲಿ ದಿನ. ತಂಡ ಹೊರಟ ದಿನದ ನೆನಪು. ಈಗಿನ ವಿದ್ಯಾರ್ಥಿಗಳು ಹಳೆಯ ಹಾಡುಗಾರರ ಸಮಾಧಿಗಳಿಗೆ ಹೋಗಿ ಹಾಡುತ್ತಾರೆ. ಎಲಾಳ ಸಮಾಧಿ ಊರಿನ ಹಳೇ ಸ್ಮಶಾನದಲ್ಲಿದೆ. ಈಗಿನ ತಂಡಕ್ಕೆ 2021ರಲ್ಲಿ ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂತು, ನಿಮಗೆ ಗೊತ್ತಿರಬಹುದು. ಎಲಾಳ ಮರಿಮಗಳು ಫಿಸ್ಕ್ ಗ್ರಂಥಾಲಯದಲ್ಲೇ ಬಹಳ ವರ್ಷ ಕೆಲಸ ಮಾಡಿದ್ದರು, ಮುತ್ತಜ್ಜಿಯ ಕಾಗದಪತ್ರಗಳ ನಡುವೆ. ಈ ಸಲ ಅಕ್ಟೋಬರ್ 6ಕ್ಕೆ ಮಗಳನ್ನು ಕರೆದುಕೊಂಡು ಹೋಗುತ್ತೇನೆ. ಅವಳೂ ಪಿಯಾನೋ ಕಲಿಯುತ್ತಿದ್ದಾಳೆ, ಮುಂಬಾಗಿಲಿನಿಂದ ಹೋಗಿ.

ನಿವೃತ್ತ ಸಂಗೀತ ಮೇಷ್ಟ್ರು, ಮೈಸೂರು

1909ರ ತಟ್ಟೆ ಕೇಳಿದೆ ತಾಯಿ. ಎರಡು ಸಲ. ನಾಲ್ಕು ಗಂಡು ಧ್ವನಿ, ಒಂದೂ ಮುಂದೆ ನುಗ್ಗುವುದಿಲ್ಲ. ಒಂದಕ್ಕೊಂದು ಜಾಗ ಬಿಟ್ಟುಕೊಂಡು ಹಾಡುತ್ತಾರೆ. ನಿಮ್ಮ ಅಮ್ಮನವರು ಈಗಲೂ ಇದ್ದಾರಾ? ಹಾರ್ಮೋನಿಯಂ ನುಡಿಸುತ್ತಾರಾ?

ಕೀಬೋರ್ಡ್ ಅಕ್ಕ, ಮಂಗಳೂರು

ಇದ್ದಾರೆ ಮೇಷ್ಟ್ರೇ, 81 ವರ್ಷ. ಬೆರಳು ಗಂಟು ಕಟ್ಟಿವೆ, ನುಡಿಸಲು ಆಗುವುದಿಲ್ಲ. ನೀವು ಕೇಳಿದ ದಿನವೇ ಸಂಜೆ ಅವರ ಪಕ್ಕ ಕೂತೆ. ಅಜ್ಜಿ ಹಾಡುತ್ತಿದ್ದ ಹಾಡುಗಳಲ್ಲಿ ನಮ್ಮ ಸಂಗೀತ ಪುಸ್ತಕದಲ್ಲಿ ಇಲ್ಲದ್ದು ಯಾವುದಾದರೂ ನೆನಪಿದೆಯಾ ಅಂತ ಕೇಳಿದೆ. ಮೊದಲು ಇಲ್ಲ ಅಂದರು. ಆಮೇಲೆ ಅಕ್ಕಿ ಆರಿಸುತ್ತಾ ತಾನಾಗಿ ಒಂದು ಸಾಲು ಬಂತು. ಫೋನ್ ಇಡಬೇಡ, ನಾಚಿಕೆ ಆಗುತ್ತದೆ ಅಂದರು. ಹಾಗಾಗಿ ರೆಕಾರ್ಡ್ ಮಾಡಲಿಲ್ಲ. ಬಾಗಿಲು ಮುಚ್ಚಿ ಬಂದು, ಹಳೇ ನೋಟ್‌ಬುಕ್ ತೆಗೆದು, ಅವರು ಹೇಳುತ್ತಾ ಹೋದ ಹಾಗೆ ಸ್ವರ ಹಾಕಿ ಬರೆದುಕೊಂಡೆ.

ಆವತ್ತು ಮೂರು ಹಾಡು ಸಿಕ್ಕವು. ಮೂರನೆಯದರ ಎರಡನೇ ಚರಣ ನೆನಪಾಗುತ್ತಿಲ್ಲ, ನಾಳೆ ಹೇಳುತ್ತೇನೆ ಅಂದಿದ್ದಾರೆ.